ಮಂಚಮ್ಮನ ಹೆಬ್ಬೆಟ್ಟು

ನಮ್ಮ ಮನೆಯಲ್ಲಿರುವುದು ಒಂದೇ ಕಾನೂನು: ಓದಿ ತಿಳಿಯದ ಕಾಗದಕ್ಕೆ ಸಹಿ ಹಾಕಬಾರದು. ಮೂವತ್ತು ವರ್ಷದ ಹಿಂದೆ ಯಾರೋ ತಂದ ಖಾಲಿ ಕಾಗದಕ್ಕೆ ನನ್ನಜ್ಜಿ ಮಂಚಮ್ಮ ಹೆಬ್ಬೆಟ್ಟು ಒತ್ತಿದ್ದಳು. ವರ್ಷ ತುಂಬುವುದರೊಳಗೆ ನಮ್ಮೂರು ಹೆಡತಲೆಯ ಇಪ್ಪತ್ತು ಗುಂಟೆ ಜಮೀನಿನ ಪಹಣಿಯಲ್ಲಿ ಬೇರೆಯವರ ಹೆಸರು ಬಂತು. ಆವತ್ತಿನಿಂದ ಅವಳ ಹೆಬ್ಬೆಟ್ಟು ಕಾಗದ ಮುಟ್ಟಿಲ್ಲ. ರೇಷನ್ ಅಂಗಡಿಯ ಮೆಷಿನ್ನಿಗೆ ಮಾತ್ರ ಒತ್ತುತ್ತಾಳೆ, ಅದೂ ಬೈದುಕೊಂಡು.

ಆ ಕಾನೂನೇ ಯೂನಿವರ್ಸಿಟಿಯಲ್ಲಿ ನನಗೆ ಮುಳುವಾಯಿತು. ನಂಜನಗೂಡಿನಲ್ಲಿ ಡಿಗ್ರಿ ಓದುವಾಗ ಹೆಸರು ಕೂಗುತ್ತಿದ್ದರು, ‘ಎಸ್ ಸಾರ್’ ಅಂದರೆ ಮುಗಿಯಿತು. ಇಲ್ಲಿ ಎಂ.ಕಾಂ ಕ್ಲಾಸೊಂದರಲ್ಲೇ ನೂರೈವತ್ತು ಜನ. ನಮ್ಮೂರ ಬಸ್ಸು ತಲುಪುವ ಹೊತ್ತಿಗೆ ಉಳಿಯುತ್ತಿದ್ದದ್ದು ಕೊನೆಯ ಬೆಂಚು. ಪಾಠದ ನಡುವೆ ಒಂದು ಹಾಳೆ ಕೈಯಿಂದ ಕೈಗೆ ಬರುತ್ತಿತ್ತು. ತಲೆಬರಹವಿದ್ದ ಹಾಳೆ ಮುಂದಿನ ಬೆಂಚಿನವರಿಗೇ ತುಂಬಿಹೋಗಿ, ನಮ್ಮ ತನಕ ಬರುತ್ತಿದ್ದದ್ದು ಬರೀ ಸಹಿಗಳ ಹಾಳೆ. ಏನಿದು ಅಂತ ಕೇಳಲು ನಾಚಿಕೆ. ಒಳ್ಳೆಯ ಮೊಮ್ಮಗಳ ಹಾಗೆ ಸಹಿ ಹಾಕದೆ ಪಕ್ಕಕ್ಕೆ ದಾಟಿಸುತ್ತಿದ್ದೆ. ಅದೇ ಹಾಜರಾತಿ ಎಂದು ಗೊತ್ತಾಗುವ ಹೊತ್ತಿಗೆ ಆರು ವಾರ ಕಳೆದಿತ್ತು. ಎಂಥ ದಡ್ಡಿ ನಾನು!

ಸೆಮಿಸ್ಟರ್ ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಕವನ ಎಂಬ ನನ್ನ ಹೆಸರಿನ ಮುಂದೆ ಅರವತ್ತೆರಡು ಪರ್ಸೆಂಟ್ ಇತ್ತು. ಎಪ್ಪತ್ತೈದು ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಪರೀಕ್ಷೆ ತಪ್ಪಿದರೆ ವರ್ಷವೇ ಹೋಯಿತು. ವಿಭಾಗದ ಮುಖ್ಯಸ್ಥರಿಗೆ ನಿಜ ಹೇಳಿದೆ. ಅವರು ನಗಲಿಲ್ಲ, ನಂಬಲೂ ಇಲ್ಲ. “ಮನೆಯವರು ಬಂದು ಮುಚ್ಚಳಿಕೆ ಬರ್ಕೊಡ್ಲಿ. ಶುಕ್ರವಾರ ನಾಲ್ಕು ಗಂಟೆ ಲಾಸ್ಟ್” ಅಂದರು. ಅಪ್ಪ, ಅವ್ವ ಇಬ್ಬರೂ ಶುಂಠಿ ಕೆಲಸಕ್ಕೆ ವಯನಾಡಿಗೆ ಹೋಗಿದ್ದರು. ಉಳಿದವಳು ಅಜ್ಜಿ.

“ಸಾಹೇಬ್ರು ನಿನ್ನ ನೋಡ್ಬೇಕಂತೆ” ಎಂದಷ್ಟೇ ಹೇಳಿ ಶುಕ್ರವಾರ ಅವಳನ್ನು ಬಸ್ಸು ಹತ್ತಿಸಿದೆ. ಹೆಬ್ಬೆಟ್ಟಿನ ಸುದ್ದಿ ಎತ್ತಲು ಧೈರ್ಯ ಸಾಲಲಿಲ್ಲ.

ಆಫೀಸಿನಲ್ಲಿ ಗುಮಾಸ್ತ ನಂಜುಂಡಸ್ವಾಮಿ ಅವರು ಒಂದು ಫಾರಂ, ಇಂಕ್ ಪ್ಯಾಡು ಮುಂದಿಟ್ಟಾಗ ಗಂಟೆ ಮೂರೂವರೆ. ಅಜ್ಜಿ ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ.

“ಏನ್ ಬರ್ದವ್ರೆ, ಓದು ಕೂಸು.”

ಓದಿದೆ. ಮಧ್ಯದ ನಾಲ್ಕು ಸಾಲಿನ ಮೇಲೆ ಅವಳ ಬೆರಳು ನಿಂತಿತು. “ಇಲ್ಯಾಕಪ್ಪ ಖಾಲಿ ಬುಟ್ಟಿದ್ದೀರಿ?”

“ಅದು ಕಾರಣ ಬರೆಯೋ ಜಾಗ, ಆಮೇಲೆ ನಾವೇ ತುಂಬ್ಕೋತೀವಿ. ನೀವು ಒತ್ತಿ ಅಜ್ಜಿ, ಟೈಮಾಯ್ತು.”

ಅಜ್ಜಿಯ ಕೈ ಸೆರಗಿನೊಳಗೆ ಹೋಯಿತು. “ನಾ ಒತ್ತಾಕಿಲ್ಲ.”

ನಮ್ಮ ಹಿಂದೆ ಸಾಲು ಬೆಳೆದಿತ್ತು. ಯಾರೋ ಕಿಸಕ್ಕನೆ ನಕ್ಕರು. ನನಗೆ ತಡೆಯಲಾಗಲಿಲ್ಲ. “ನಿನ್ ಜಮೀನು ಹೋಯ್ತು ಅಂತ ನನ್ ವರ್ಷಾನೂ ಹೋಗ್ಬೇಕಾ?” ಎಂದು ಅಷ್ಟು ಜನರ ಮುಂದೆ ಕಿರುಚಿಬಿಟ್ಟೆ.

ಅಜ್ಜಿಯ ಗಲ್ಲ ಸಣ್ಣಗೆ ಅದುರಿತು. ನನ್ನ ನಾಲಿಗೆಗೆ ಬರೆ ಹಾಕಬೇಕು ಅನ್ನಿಸಿತು.

“ಕಾರಣ ನಾನೇ ಬರೀತೀನಿ ಸಾರ್” ಎಂದು ಪೆನ್ನು ತೆಗೆದುಕೊಂಡೆ. ಬರೆದು ಗಟ್ಟಿಯಾಗಿ ಓದಿದೆ: “ಓದಿ ತಿಳಿಯದ ಕಾಗದಕ್ಕೆ ಸಹಿ ಹಾಕಬಾರದೆಂದು ನಾನೇ ನನ್ನ ಮೊಮ್ಮಗಳಿಗೆ ಕಲಿಸಿದ್ದೆ. ಅದಕ್ಕೇ ಅವಳು ಆರು ವಾರ ಹಾಜರಾತಿಗೆ ಸಹಿ ಹಾಕಲಿಲ್ಲ. ಅವಳು ಕ್ಲಾಸು ತಪ್ಪಿಸಿಲ್ಲ.” ಉಳಿದ ಒಂದು ಸಾಲಿಗೆ ಉದ್ದಕ್ಕೂ ಗೆರೆ ಎಳೆದೆ.

“ಇನ್ನೊಂದ್ಸಲ ಓದು.”

ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಮತ್ತೆ ಓದಿದೆ. ಅಜ್ಜಿ ಸೆರಗಿನಿಂದ ಕೈ ತೆಗೆದು, ಹೆಬ್ಬೆಟ್ಟು ಒರೆಸಿಕೊಂಡು, ಇಂಕಿಗೆ ಅದ್ದಿ, ಗೆರೆಯ ಕೆಳಗೆ ಒತ್ತಿದಳು.

ನಂಜುಂಡಸ್ವಾಮಿ ಅವರು ಕಾಗದ ಹಿಡಿದು ಮುಖ್ಯಸ್ಥರ ಕೋಣೆಗೆ ಹೋದರು. ಬರುವಾಗ ಕೈಯಲ್ಲಿ ಹಾಲ್ ಟಿಕೆಟ್ ಇತ್ತು. ರಿಜಿಸ್ಟರ್ ನನ್ನ ಕಡೆ ತಿರುಗಿಸಿ, “ಬೇಗ ಸೈನ್ ಹಾಕಮ್ಮ” ಅಂದರು. ಜೀವ ಬಂದಂತಾಗಿ ಹಾಗೇ ಬಗ್ಗಿದೆ.

ಅಜ್ಜಿ ತಟ್ಟನೆ ನನ್ನ ಮಣಿಕಟ್ಟು ಹಿಡಿದಳು. ಹಸಿ ನೀಲಿ ಹೆಬ್ಬೆಟ್ಟು ಚರ್ಮದ ಮೇಲೆ ಮೂಡಿತು.

“ಓದ್ದಾ?”

ಓದಿರಲಿಲ್ಲ. ರಿಜಿಸ್ಟರನ್ನು ಹತ್ತಿರ ಎಳೆದುಕೊಂಡು, ಮೇಲಿನ ಸಾಲಿನಿಂದ ಅವಳಿಗೆ ಕೇಳುವ ಹಾಗೆ ಓದತೊಡಗಿದೆ.