ದೊಡ್ಡಾಕಿ

ಕೂಸಿನ ಕಣ್ಣು ಚೆನ್ನಾಗಿತ್ತು. ಡಾಕ್ಟರ್ ಕಾಂಚನಾಗೆ ದಿಗಿಲು ಹುಟ್ಟಿಸಿದ್ದೇ ಅದು.

ತಲೆಗೆ ಕಟ್ಟಿಕೊಂಡ ದೀಪದ ಬೆಳಕನ್ನು ಮತ್ತೊಮ್ಮೆ ಕಣ್ಣೊಳಗೆ ಬಿಟ್ಟಳು. ಅಕ್ಷಿಪಟಲದ ರಕ್ತನಾಳಗಳು ತೆಳ್ಳಗೆ, ನೆಟ್ಟಗೆ ಅಂಚಿನ ಕಡೆ ಹೊರಟಿದ್ದವು. ಮೊನ್ನೆ ಮುಂಡರಗಿಯ ಆಸ್ಪತ್ರೆಯಲ್ಲಿ ಅವಳೇ ತೆಗೆದ ಫೋಟೋದಲ್ಲಿ ಈ ನಾಳಗಳು ನೆನೆದ ಬಾವಿಹಗ್ಗದ ಹಾಗೆ ಉಬ್ಬಿ ತಿರುಚಿಕೊಂಡಿದ್ದವು.

ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಕಣ್ಣಿನ ಒಳಪರದೆ ಪೂರ್ತಿ ಬೆಳೆದಿರುವುದಿಲ್ಲ. ಕೆಲವು ಕೂಸುಗಳಲ್ಲಿ ನಾಳಗಳು ದಾರಿ ತಪ್ಪಿ ಬೆಳೆದು ಪರದೆಯನ್ನೇ ಜಗ್ಗಿ ಕಿತ್ತುಬಿಡುತ್ತವೆ. ಕಿತ್ತ ಮೇಲೆ ಹುಟ್ಟುಕುರುಡಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಕೀಳುವ ಮುಂಚೆ ಲೇಸರ್ ಹಾಕಬೇಕು. ಒಂದೆರಡು ದಿನ ತಡವಾದರೂ ಕೈಮೀರಬಹುದು. ಕಾಂಚನಾ ಸಂಶೋಧನೆ ಮಾಡುತ್ತಿದ್ದುದು ಈ ರೋಗದ ಮೇಲೆಯೇ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೆ ಕ್ಯಾಮೆರಾ ಹೊತ್ತು ತಿರುಗುತ್ತಿದ್ದಳು. ಲೇಸರ್ ಬೇಕಾದ ಕೂಸುಗಳನ್ನು ಗದಗಿನ ಈ ಕಣ್ಣಿನ ಆಸ್ಪತ್ರೆಗೆ ಕರೆಸುತ್ತಿದ್ದಳು.

ಮಕ್ಕಳ ಡಾಕ್ಟರ್ ನಂದೀಶ ಕೂಸಿನ ಎದೆಯ ಮೇಲೆ ಎರಡು ಬೆರಳಿಟ್ಟು ಕೂತಿದ್ದ. ಲೇಸರ್ ನಡೆಯುವಾಗ ಇಂಥ ಎಳೆಗೂಸುಗಳು ಉಸಿರು ಮರೆಯುವುದುಂಟು. ಅವನಿಲ್ಲದೆ ಕೆಲಸ ಶುರುವಾಗುವುದಿಲ್ಲ.

"ಮೇಡಮ್ಮಾರ, ಲೇಸರ್ ಹಚ್ಚತೀರೋ, ಇಲ್ಲಾ ಬರೇ ಮಂಗಳಾರತಿ ಬೆಳಗತೀರೋ? ಬೆಟಗೇರಿಯೊಳಗ ನನ್ನ ದವಾಖಾನಿ ಮುಂದ ಸಂತಿ ನೆರದೈತಿ."

"ರೋಗ ಇಲ್ರಿ ಇದಕ್ಕ."

"ತಾನ ಆರಾಮ ಆತೇನು? ಭೇಷ್ ಆತಲ್ರಿ, ನಿಮ್ಮ ಸಂಶೋಧನಾಕ್ಕ ಛಲೋ ಕೇಸ್ ಸಿಕ್ಕತು."

ಒಂದು ಕ್ಷಣ ಅವಳಿಗೂ ಹಾಗೇ ಅನ್ನಿಸಿತ್ತು. ಇಷ್ಟು ಬಲಿತ ರೋಗ ತಾನಾಗಿ ಇಳಿದದ್ದನ್ನು ಅವಳು ಕಂಡಿರಲಿಲ್ಲ. ತೋರಿಸಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಆ ಆಸೆಯೇ ಅವಳಿಗೆ ಅನುಮಾನ ತಂದಿತು. ದೀಪ ಬಿಚ್ಚಿಟ್ಟು ಕಂಪ್ಯೂಟರಿನಲ್ಲಿ ಮೊನ್ನೆಯ ಫೋಟೋ ತೆಗೆದಳು. ಅಂಗೈ ರೇಖೆಯ ಹಾಗೆ ಈ ನಾಳಗಳ ಕವಲೂ ಒಬ್ಬೊಬ್ಬರದು ಒಂದೊಂದು ಥರ. ಫೋಟೋದಲ್ಲಿ ಮೇಲಿನ ನಾಳ ಬುಡದಲ್ಲೇ ಎರಡಾಗಿತ್ತು. ಈ ಕೂಸಿನಲ್ಲಿ ಅದು ದೂರ ಹೋಗಿ ಕವಲೊಡೆದಿತ್ತು.

"ಕೂಸ ಬ್ಯಾರೆ," ಅಂದಳು.

ಅವು ಅವಳಿ ಹೆಣ್ಣುಕೂಸುಗಳು. ತಾಯಿ ನಾಗರತ್ನಾ ಬಾಣಂತನಕ್ಕೆ ಡೋಣಿಯ ತವರಿನಲ್ಲಿದ್ದಳು. ಮೊದಲು ಹುಟ್ಟಿದ ಕೂಸಿಗೆ ರೋಗ ಬಲಿತಿತ್ತು, ಎರಡನೆಯದಕ್ಕೆ ಸದ್ಯ ಭಯವಿರಲಿಲ್ಲ. ಕಾಂಚನಾ ತಾನೇ ನಾಗರತ್ನಾಳ ಗಂಡ ಸಿದ್ದರಾಮನಿಗೆ ಫೋನು ಮಾಡಿ, ದೊಡ್ಡಾಕಿಯನ್ನು ಜಲ್ದಿ ಕರೆದುಕೊಂಡು ಬಾ ಅಂದಿದ್ದಳು. ಅವನು ಇವತ್ತು ಮುಂಜಾನೆ ಅತ್ತೆ ರಾಮವ್ವನ ಮಡಿಲಿಗೆ ಕೂಸು ಹಾಕಿಸಿಕೊಂಡು ಬಂದಿದ್ದ. ಲೇಸರ್ ಹಾಕದಿದ್ದರೆ ಕೂಸು ಕುರುಡಾಗುತ್ತದೆ ಎಂದು ಕಾಂಚನಾ ಆಗಲೂ ಇಬ್ಬರಿಗೂ ಹೇಳಿದ್ದಳು.

ಹೊರಗೆ ಬೆಂಚಿನ ಮೇಲೆ ರಾಮವ್ವ ಎಲೆಗೆ ಸುಣ್ಣ ಸವರುತ್ತಿದ್ದಳು.

"ಆಯಿ, ನೀವು ತಂದಿದ್ದು ಯಾವ ಕೂಸು?"

"ದೊಡ್ಡಾಕೀನರಿ ಬಾಯಾರ. ನೀವ ಹೇಳೀರಲ್ಲ."

"ಮೊದಲ ಹುಟ್ಟಿದಾಕಿ ಹೌದಲ್ಲ?"

"ಮೊದಲ ಹುಟ್ಟಿದಾಕಿ ಸಣ್ಣಾಕಿರಿ," ರಾಮವ್ವ ಅವಳನ್ನು ದಡ್ಡ ಹುಡುಗಿಯನ್ನು ನೋಡುವ ಹಾಗೆ ನೋಡಿದಳು. "ಚೀಲಕ್ಕ ಮೊದಲ ಸುರುವಿದ ಜ್ವಾಳ ತಳಕ್ಕ ಕುಂಡ್ರತೈತೋ ಇಲ್ಲೋ? ಬಾಯಿ ಬಿಚ್ಚಿದ್ರ ಹಿಂದ ಹಾಕಿದ್ದು ಮೊದಲ ಬೀಳತೈತಿ. ಹೊಟ್ಟಿಯೊಳಗ ಮೊದಲ ಹ್ವಾದಾಕಿ ಕಡೀಕ ಬರತಾಳ. ಆಕಿ ದೊಡ್ಡಾಕಿ. ನಮ್ಮ ಮನಿಯಾಗ ಮೊದಲಿಂದ ಹಿಂಗ."

"ಆಸ್ಪತ್ರಿಯೊಳಗ ಕೈಗೆ ಪಟ್ಟಿ ಕಟ್ಟಿದ್ರಲ್ಲ?"

"ನೀರ ಎರೆಯೋ ಮುಂದ ಕತ್ತರಿಸಿ ಒಗದ್ನಿ. ಕೂಸೇನು ಕಳವಿನ ದನ ಏನ್ರಿ, ಗುರುತ ಹಾಕಾಕ?"

ಸಿದ್ದರಾಮ ಎದ್ದು ನಿಂತಿದ್ದ. "ಏನಾತ್ರಿ ಮೇಡಂ?"

ಕಾಂಚನಾ ಸುತ್ತು ಬಳಸಲಿಲ್ಲ. ಬ್ಯಾನಿ ಇದ್ದದ್ದು ಮನೆಯಲ್ಲಿರುವ ಕೂಸಿಗೆ, ಅದನ್ನು ಇವತ್ತೇ ತರಬೇಕು, ಈಗಲೇ ತರಬೇಕು ಅಂದಳು.

ರಾಮವ್ವ ಎಲೆಯನ್ನು ಬಾಯಿಗಿಡದೆ ಮಡಚಿದಳು. "ಅಂದ್ರ, ಬ್ಯಾನಿ ಯಾರಿಗೈತಿ ಅನ್ನೂದ ಗೊತ್ತಿರಲಿಲ್ಲೇನು ನಿಮಗ? ಈ ಕೂಸಿನ ಕಣ್ಣ ಸುಟ್ಟಬಿಡತಿದ್ರಿ?"

"ಸುಡತಿರಲಿಲ್ಲ. ನೋಡೇನಲ್ಲ, ಅದಕ್ಕ ಬಿಟ್ಟೀನಿ."

"ನೋಡಿದ್ದಕ್ಕ ಉಳೀತು. ನೋಡಲಿಲ್ಲ ಅಂದಿದ್ರ? ಅಳಿಯಾರ, ಏಳ್ರಿ, ಮನೀಗೆ ನಡೀರಿ. ಆ ಕೂಸಿಗೆ ಇನ್ನ ಹಾಲ ಜಗ್ಗೂ ಶಕ್ತಿ ಇಲ್ಲ. ಗಾಳಿಗೆ ತಂದು ಕೊಲ್ಲೂದಾಗೂದಿಲ್ಲ. ಬಾಣಂತನ ಮುಗೀಲಿ, ಆಮ್ಯಾಲ ನೋಡೂಣು."

"ಬಾಣಂತನ ಮುಗಿಯೂದರೊಳಗ ಕೂಸು ಕುರುಡಾಗತೈತಿ, ಆಯಿ."

"ಮುಂಜಾನಿ ಇದಕ್ಕೂ ಹಂಗ ಅಂದೀರಿ."

ಮುದುಕಿಯ ಮಾತು ಅಕ್ಷರಶಃ ನಿಜವಾಗಿತ್ತು. ಕಾಂಚನಾ ಸಿದ್ದರಾಮನ ಕಡೆ ತಿರುಗಿದಳು. ಅವನು ಅತ್ತೆಯ ಮುಖ ನೋಡಿದ, ನೆಲ ನೋಡಿದ, ಕೊನೆಗೆ ಫೋನು ತೆಗೆದು ಕಿಟಕಿಯ ಕಡೆ ನಡೆದ.

"ನಾಗರತ್ನಾ, ಹಾಂ... ಆಕೀದಲ್ಲ, ಸಣ್ಣಾಕೀದು... ಖರೇನ ಹೇಳಾಕತ್ತೀನಿ. ನಿಮ್ಮವ್ವ ಬ್ಯಾಡ ಅಂತಾಳ..." ತಿರುಗಿ ಬಂದು ಯಾರನ್ನೂ ನೋಡದೆ ಹೇಳಿದ: "ಟಂಟಂ ಆಟೋ ಮಾಡಿಸಿಕೊಂಡು ತಾನ ಬರತಾಳಂತ."

"ಹಸಿ ಬಾಣಂತಿ!" ರಾಮವ್ವ ತಲೆಗೆ ಕೈ ಹಚ್ಚಿ ಕೂತಳು.

ನಂದೀಶ ಕೈಗವಸು ಬಿಚ್ಚುತ್ತ ಗಡಿಯಾರ ನೋಡಿದ. "ಮೇಡಂ, ನಾ ಹೋಗಿ ಬರತೀನಿ."

"ನೀವು ಹ್ವಾದ್ರ ಬರೂದಿಲ್ಲ. ನನಗ ಗೊತ್ತೈತಿ. ಕುಂಡ್ರಿ."

ಅವನು ನಕ್ಕ, ಬೈದುಕೊಂಡ, ಕೂತ. ಬೆಟಗೇರಿಗೆ ಫೋನು ಮಾಡಿ ಮಂದಿಯನ್ನು ಸಂಜೆಗೆ ಕರೆಯಲು ಹೇಳಿದ. ಕಾಂಚನಾ ಮಾತ್ರ ಕೂರಲಿಲ್ಲ. ಟಂಟಂನವನು ದಾರಿಯಲ್ಲಿ ಮಂದಿ ತುಂಬಿಸಿಕೊಳ್ಳಲು ನಿಲ್ಲಿಸಿದರೆ? ಕೂಸು ಹಾಲು ಕುಡಿದೇ ಬಂದರೆ ಲೇಸರ್ ಹಾಕುವಾಗ ವಾಂತಿ ಮಾಡಿಕೊಳ್ಳುತ್ತದೆ. ಅದನ್ನು ಹೇಳಿರಲಿಲ್ಲ. ಸಿದ್ದರಾಮನಿಂದ ಮತ್ತೆ ಫೋನು ಮಾಡಿಸಿದಳು. ಎತ್ತಲಿಲ್ಲ. ಮತ್ತೊಮ್ಮೆ ಮಾಡಿಸಿದಳು. ಎತ್ತಲಿಲ್ಲ. ಗೇಟಿನ ತನಕ ಹೋದಳು, ಬಂದಳು.

ಮಧ್ಯಾಹ್ನ ಇಳಿದ ಮೇಲೆ ಟಂಟಂ ಬಂತು. ನಾಗರತ್ನಾ ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿ, ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು. ಫೋನು ರಿಂಗಾದದ್ದು ಅವಳಿಗೆ ಕೇಳಿಸಿರಲಿಲ್ಲ. ಕೂಸನ್ನು ಸೆರಗಿನೊಳಗಿಂದ ತೆಗೆದು ಕಾಂಚನಾಳ ಕೈಗೆ ಕೊಟ್ಟಳು.

"ಹಾಲು ಯಾವಾಗ ಕೊಟ್ಟಿ?"

"ಹೊಂಡೂ ಮುಂದ, ಡೋಣಿಯೊಳಗ. ಆಮ್ಯಾಲ ಅತ್ತಳರಿ, ಕೊಡಲಿಲ್ಲ. ಗಾಡಿ ಕುಲುಕಾಟಕ್ಕ ವಾಂತಿ ಆದೀತಂತ ಹೆದರಿಕಿ."

ನರ್ಸ್ ಜಾಸ್ಮಿನ ರೆಪ್ಪೆಯ ಕಾಡಿಗೆ ಒರೆಸಿ ಔಷಧದ ಹನಿ ಹಾಕಿದಳು. ಪಾಪೆ ಅಗಲವಾದ ಮೇಲೆ ಕಾಂಚನಾ ಬಗ್ಗಿದಳು. ಮೇಲಿನ ನಾಳ ಬುಡದಲ್ಲೇ ಎರಡಾಗಿತ್ತು. ಇವಳೇ. ಬಲಗಣ್ಣಿನಲ್ಲಿ ಪರದೆ ಇನ್ನೂ ಅಂಟಿಕೊಂಡಿತ್ತು. ಎಡಗಣ್ಣಿನಲ್ಲಿ ಹೊರ ಅಂಚು, ಸುಣ್ಣ ಹಚ್ಚಿದ ಗೋಡೆ ನೀರು ಕುಡಿದು ಉಬ್ಬುವ ಹಾಗೆ, ಏಳತೊಡಗಿತ್ತು.

ಎರಡಕ್ಕೂ ಲೇಸರ್ ಹಾಕಿದಳು. ನಡುವೆ ಕೂಸು ಉಸಿರು ನಿಲ್ಲಿಸಿತು. ನಂದೀಶ ಅಂಗಾಲು ತಟ್ಟಿ, "ಲೇ ಹುಡುಗಿ, ಏಳಲೇ," ಅಂತ ಮತ್ತೆ ಉಸಿರಾಡಿಸಿದ. ಯಾರೂ ತಮಾಷೆ ಮಾಡಲಿಲ್ಲ.

ಹೊರಗೆ ಬಂದಾಗ ಮೂವರೂ ಎದ್ದು ನಿಂತರು.

"ಬಲಗಣ್ಣು ಉಳದೀತು. ಎಡಗಣ್ಣಿಂದು ಈಗ ಹೇಳಾಕ ಬರೂದಿಲ್ಲ. ಮುಂದಿನ ವಾರ ನೋಡಬೇಕು. ದೊಡ್ಡ ಆಪರೇಶನ್ ಬೇಕಾದ್ರೂ ಬೇಕಾಗಬಹುದು."

ರಾಮವ್ವನ ದನಿ ಇಳಿದಿತ್ತು. "ಮುಂಜಾನಿ ಈಕಿನ್ನ ತಂದಿದ್ರ, ಎಡದೂ...?"

"ಗೊತ್ತಿಲ್ಲ, ಆಯಿ. ಮೊನ್ನೇನ ಶುರು ಆಗಿತ್ತೋ ಏನೋ. ದೊಡ್ಡಾಕಿ ಅಂತ ಹೇಳಿದಾಕಿ ನಾನು."

ರಾಮವ್ವ ಮತ್ತೆ ಬೆಂಚಿಗೆ ಕೂತಳು. ದೊಡ್ಡಾಕಿ ಅವಳ ಮಡಿಲಲ್ಲಿ ನಿದ್ದೆಹೋಗಿದ್ದಳು.

ನಾಗರತ್ನಾ ಸಣ್ಣಾಕಿಯನ್ನು ಇಸಿದುಕೊಂಡು ಬೆಂಚಿನ ತುದಿಗೆ ಕೂತಳು. ಅದರ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದು ಕೈಯ ಬಳೆಗಳನ್ನು ಎಡಗಣ್ಣಿನ ಮುಂದೆ ಮೆಲ್ಲಗೆ ಆಡಿಸಿದಳು.

"ಕಣ್ಣಿಗೆ ಔಷಧ ಹಾಕೇವವ್ವಾ," ಕಾಂಚನಾ ಹೇಳಿದಳು. "ಈಗ ಏನೂ ತಿಳಿಯೂದಿಲ್ಲ."

ನಾಗರತ್ನಾ ಕೈ ಇಳಿಸಲಿಲ್ಲ.