ಬರಿದು ಬಂಡಿಯ ಠರಾವು

ನಿಲಂಗಾದಿಂದ ಉದಗೀರಕ್ಕೆ ಹೋಗುವ ರಸ್ತೆಯ ಮೇಲೆ ನಮ್ಮ ಊರಿದೆ. ಆ ಕಾಲದ ಮಾತು ಹೇಳುವುದಾದರೆ, ನಮ್ಮ ಊರಿನ ತಿಪ್ಪೆಗಳ ನಡುವೆ ಎಲ್ಲೋ ಆ ರಸ್ತೆಯಿತ್ತು.

ಹೈದರಾಬಾದ್ ರಾಜ್ಯ ಒಡೆದು ನಮ್ಮ ತಾಲೂಕು ಮುಂಬಯಿ ರಾಜ್ಯಕ್ಕೆ ಸೇರಿದ ಮರುವರ್ಷ, ತಹಶೀಲ ಕಚೇರಿಯಿಂದ ಗ್ರಾಮ ಪಂಚಾಯತಿಗೆ ಒಂದೇ ಲಕೋಟೆಯಲ್ಲಿ ಎರಡು ಹುಕುಂ ಬಂದವು. ರಸ್ತೆಗೆ ಹಾಸುವ ಕೆಂಪು ಗರಸನ್ನು ಎಲ್ಲಿ ಅಗೆಯುವಿರಿ ಎಂಬುದು ಒಂದು. ರಸ್ತೆಯನ್ನು ನುಂಗಿರುವ ತಿಪ್ಪೆಗಳನ್ನು ಎಲ್ಲಿಗೆ ಒಯ್ಯುವಿರಿ ಎಂಬುದು ಇನ್ನೊಂದು. ಮುಂದಿನ ಸೋಮವಾರ ಕೆಲಸ ನೋಡಲು ತಹಶೀಲದಾರ ಸಾಹೇಬರ ದೌರಾ. ಅಷ್ಟರೊಳಗೆ ನಕಾಶೆಯೂ ಆಗಬೇಕು, ಕೆಲಸವೂ ಆಗಬೇಕು.

ಸರಪಂಚ ರೇವಣಪ್ಪನವರು ಒಂದೊಂದು ಕೈಯಲ್ಲಿ ಒಂದೊಂದು ಕಾಗದ ಹಿಡಿದು ಚಾವಡಿಯಲ್ಲಿ ಒಂದು ತಾಸು ಅಡ್ಡಾಡಿದರು. ಬಳಿಕ ಎರಡನ್ನೂ ಚಪ್ಪಾಳೆಯಂತೆ ತಟ್ಟಿ ಕೂಗಿದರು:

"ಸಿಕ್ತು! ಗುಡ್ಡದ ಖಣಿಯಿಂದ ಗರಸು ತುಂಬಿದ ಬಂಡಿ ಊರಿಗೆ ಬರ್ತದ. ಗರಸು ಸುರುವಿ, ತಿಪ್ಪಿ ತುಂಬಿಕೊಂಡು ಅದೇ ಖಣಿಗೆ ಹೋಗ್ತದ. ಬರೂ ಮುಂದ ಬರಿದಿಲ್ಲ, ಹೋಗೂ ಮುಂದ ಬರಿದಿಲ್ಲ!"

ಅಗೆದ ಹೊಂಡವನ್ನು ಊರ ಕಸವೇ ತುಂಬುವುದು, ಕಸ ಕೊಳೆತು ಗೊಬ್ಬರವಾದ ಮೇಲೆ ಅವರವರ ಹೊಲಕ್ಕೆ ಹಿಂದಿರುಗುವುದು. ಇಂಥ ಯೋಜನೆಯನ್ನು ಆ ಸೀಮೆಯಲ್ಲಿ ಅದುವರೆಗೆ ಯಾರೂ ಯೋಚಿಸಿರಲಿಲ್ಲ. ಆದರೆ ತಿಪ್ಪೆಯನ್ನು ಕೊಡುವುದಕ್ಕೂ ಯಾರೂ ಸಿದ್ಧರಿರಲಿಲ್ಲ. ನಮ್ಮ ಕಡೆ ತಿಪ್ಪೆಯೆಂದರೆ ಮನೆಯ ಮುಖ. ಹೆಣ್ಣಿನವರು ವರನ ಮನೆ ನೋಡಲು ಬಂದರೆ ಹೊಸ್ತಿಲು ದಾಟುವ ಮೊದಲು ತಿಪ್ಪೆಯನ್ನು ಒಂದು ಸುತ್ತು ಹಾಕುತ್ತಾರೆ. ಅದರ ಎತ್ತರದಿಂದ ಕೊಟ್ಟಿಗೆಯನ್ನೂ, ಕೊಟ್ಟಿಗೆಯಿಂದ ಹೊಲವನ್ನೂ ಅಳೆಯುತ್ತಾರೆ. ಆದಕಾರಣ ರೇವಣಪ್ಪನವರು ಊರಿಗೆ ಮೇಲ್ಪಂಕ್ತಿ ಹಾಕಲು ಎಲ್ಲರಿಗಿಂತ ಮೊದಲು ತಮ್ಮ ತಿಪ್ಪೆಯನ್ನೇ ಕಳಿಸಿದರು.

ಅವರ ಹೆಂಡತಿ ಲಲಿತಾಬಾಯಿ ಆ ದಿನ ಅಡುಗೆ ಮಾಡಲಿಲ್ಲ. ಕಾರಣವಿತ್ತು. ಅವರ ಒಬ್ಬನೇ ಮಗ ವೀರಭದ್ರನಿಗೆ ದೇವಣಿಯಿಂದ ಹೆಣ್ಣು ಗೊತ್ತಾಗುವುದರಲ್ಲಿತ್ತು. ಮುಂದಿನ ಗುರುವಾರ ಹೆಣ್ಣಿನವರು ಮನೆ ನೋಡಲು ಬರುವವರಿದ್ದರು. ಹಿಂದೆ ಎರಡು ಸಂಬಂಧಗಳು ತಪ್ಪಿದ್ದವು. ಒಮ್ಮೆಯಂತೂ ರೇವಣಪ್ಪನವರು ಊಟಕ್ಕೆ ಕುಳಿತ ಬೀಗರ ಎಲೆಯ ಮುಂದೆ ಗಟಾರದ ನಕಾಶೆಯನ್ನು ಬಿಡಿಸಿದ್ದರು.

"ಈ ಸಲನೂ ತಪ್ಪಿದ್ರ," ಎಂದಳು ಲಲಿತಾಬಾಯಿ, "ನಿಮ್ಮ ನಕಾಶಾದಾಗ ನನ್ನ ತವರಮನಿ ದಾರಿನೂ ಬರಕೊಳ್ರಿ."

"ಗುರುವಾರಕ್ಕ ಇನ್ನೂ ದಿವಸ ಅವ. ಸೋಮವಾರ ದೌರಾ ಮುಗೀತಂದ್ರ ಎಲ್ಲಾ ಹೊಂದಸ್ತೀನಿ."

ಆದರೆ ದೇವಣಿಯವರು ಗುರುವಾರದ ತನಕ ಕಾಯಲಿಲ್ಲ. ದೌರಾಕ್ಕೆ ಎರಡು ದಿನ ಮೊದಲು, ಶನಿವಾರ ಬೆಳಿಗ್ಗೆಯೇ ಅವರ ಬಂಡಿ ಅಂಗಳಕ್ಕೆ ಬಂದು ನಿಂತಿತು. ನಿಲ್ಲುವ ಮೊದಲೇ ಅದರಿಂದ ಇಳಿದವಳು ಹುಡುಗಿಯ ಅಜ್ಜಿ ಭಾಗೀರಥಿಬಾಯಿ. ವಯಸ್ಸು ಎಂಬತ್ತು, ಕೈಯಲ್ಲಿ ಜಾಲಿಯ ಕೋಲು. ಹೇಳಿ ಬಂದರೆ ಸಾರಿಸಿದ ಮನೆಯಷ್ಟೇ ಕಾಣುತ್ತದೆಂದು ಮುದುಕಿ ಬೇಕೆಂದೇ ದಿನ ತಪ್ಪಿಸಿದ್ದಳು. ಹಿಂದೆ ಅವಳ ಮಗ, ಹುಡುಗಿಯ ತಂದೆ ಶಾಂತವೀರಪ್ಪ, ಮಾತಿಲ್ಲದೆ ಇಳಿದನು.

ಮುದುಕಿ ತಿಪ್ಪೆಯಿರಬೇಕಾದ ಮೂಲೆಗೆ ನೆಟ್ಟಗೆ ನಡೆದಳು. ಅಲ್ಲಿ ದುಂಡಗಿನ ಕರಿಯ ನೆಲವಿತ್ತು. ಅದರ ಮೇಲೆ, ಬೇರೇನು ಮಾಡಬೇಕೆಂದು ತೋಚದೆ, ಲಲಿತಾಬಾಯಿ ರಂಗೋಲಿ ಹಾಕಿದ್ದಳು.

"ತಿಪ್ಪಿ ಎಲ್ಲದರಿ?"

"ಖಣಿಗಿ ಹೋಗ್ಯದ್ರಿ ಆಯಿ," ಎಂದರು ರೇವಣಪ್ಪನವರು.

"ಎತ್ತು?"

"ಗರಸು ತರಾಕ ಹೋಗ್ಯಾವ್ರಿ. ಮೂರೂ ಜೋಡಿ."

"ಹುಡುಗ?"

"ಎತ್ತಿನ ಹಿಂದ ಹೋಗ್ಯಾನ್ರಿ."

ಮುದುಕಿ ಮಗನ ಕಡೆ ತಿರುಗಿದಳು. "ಶಾಂತಪ್ಪಾ, ಈ ಮನ್ಯಾಗ ಏನ ಕೇಳಿದ್ರೂ ಹೋಗ್ಯದ ಅಂತಾರ. ನಾವೂ ಹೋಗಮು ನಡಿ."

"ನಿಂದರ್ರಿ ಆಯಿ!" ರೇವಣಪ್ಪನವರು ಬಂಡಿಯ ನೊಗಕ್ಕೆ ಅಡ್ಡ ನಿಂತರು. "ಖಣಿಗಿ ಬಂದು ಕಣ್ಣಲೆ ನೋಡ್ರಿ. ಆಮ್ಯಾಲ ನಿಮ್ಮ ಮನಸಿಗಿ ಬಂದಂಗ ಮಾಡ್ರಿ."

ನೆರೆಮನೆಯ ಧೂಳಪ್ಪ ಗೋಡೆಯಾಚೆ ಇದನ್ನೆಲ್ಲ ಕೇಳುತ್ತಿದ್ದನು. ಕುರಿ ಸಾಕುವ ಕಸುಬು, ಬೀರಪ್ಪನ ಭಕ್ತ, ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಸರಪಂಚರ ಮಗನ ಮದುವೆ ತಪ್ಪುತ್ತಿದೆಯೆಂದು ತಿಳಿದದ್ದೇ ತಡ, ಕಂಬಳಿ ಕಂಕುಳಲ್ಲಿ ಒತ್ತಿಕೊಂಡು ಒಳದಾರಿ ಹಿಡಿದು ಓಡಿದನು. ದೇವಣಿಯವರ ಬಂಡಿ ಖಣಿ ಮುಟ್ಟುವಷ್ಟರಲ್ಲಿ ಅಲ್ಲಿದ್ದ ಅಷ್ಟೂ ಜನಕ್ಕೆ ಪಾಠವಾಗಿತ್ತು.

ಖಣಿಯಲ್ಲಿ ಜಾತ್ರೆಗಿಂತ ಹೆಚ್ಚು ಗದ್ದಲವಿತ್ತು. ಒಂದು ಬದಿಗೆ ಗುದ್ದಲಿಗಳು ಗರಸು ಅಗೆಯುತ್ತಿದ್ದವು, ಇನ್ನೊಂದು ಬದಿಗೆ, ಸರಪಂಚರನ್ನು ಕಂಡು ಒಬ್ಬೊಬ್ಬರಾಗಿ ಒಪ್ಪಿದ ಊರ ನಲವತ್ತು ಮನೆಗಳ ತಿಪ್ಪೆ ಒಂದೇ ಬೆಟ್ಟವಾಗಿ ನಿಂತು ಹಬೆಯಾಡುತ್ತಿತ್ತು.

"ಯಾರದಿದು?" ಎಂದಳು ಭಾಗೀರಥಿಬಾಯಿ.

"ಸರಪಂಚರದು!" ಇಡೀ ಖಣಿ ಒಂದೇ ಉಸಿರಿಗೆ ಉತ್ತರಿಸಿತು. ಎರಡು ಹೋರಿಗಳು ಬೆದರಿದವು.

ರೇವಣಪ್ಪನವರು ದಿಗ್ಭ್ರಮೆಗೊಂಡರು. ಹಿಂದೆಯೇ ನಡೆದು ಬಂದಿದ್ದ ಲಲಿತಾಬಾಯಿಯ ಮುಖ ಮಾತ್ರ ಆರು ದಿನಗಳಲ್ಲಿ ಮೊದಲ ಬಾರಿಗೆ ಅರಳಿತು. ಮುದುಕಿ ಕೋಲನ್ನು ತಿಪ್ಪೆಯೊಳಗೆ ಮೊಣಕೈ ಉದ್ದ ತೂರಿಸಿ ತಿರುವಿದಳು. ಒಡೆದ ಬಳೆ ಬಂತು. ಇನ್ನೊಮ್ಮೆ ತಿರುವಿದಳು; ಬೊಗಸೆ ತುಂಬ ಕರಿಯ ಗುಂಡು ಗುಂಡು ಹಿಕ್ಕೆ ಉರುಳಿ ಬಿತ್ತು.

"ಏನ್ರಿ ಸರಪಂಚರೆ, ನಿಮ್ಮ ಎತ್ತು ಕುರಿ ಹಿಕ್ಕಿ ಹಾಕ್ತಾವೇನು?"

ಧೂಳಪ್ಪನಿಗೆ ತಡೆಯಲಾಗಲಿಲ್ಲ. "ಸಣ್ಣ ಎತ್ತರೀ ಆಯಿ!" ಎಂದುಬಿಟ್ಟನು. ಗುದ್ದಲಿ ಹಿಡಿದವರೆಲ್ಲ ಗುದ್ದಲಿ ಬಿಟ್ಟು ಹೊಟ್ಟೆ ಹಿಡಿದುಕೊಂಡರು.

ಲಲಿತಾಬಾಯಿ ಗಂಡನಿಗೆ ಕಣ್ಣಿನಿಂದ ಸನ್ನೆ ಮಾಡಿದಳು: ಕುರಿಯೂ ನಮ್ಮವೇ ಎನ್ನಿ. ಧೂಳಪ್ಪ ತಲೆಯಾಡಿಸಿ ತನ್ನ ಇಡೀ ಹಿಂಡಿಗೆ ಒಪ್ಪಿಗೆ ಕೊಟ್ಟನು. ರೇವಣಪ್ಪನವರು ಮಗನ ಮದುವೆಯನ್ನು ನೆನೆದರು, ಬೆಟ್ಟವಾಗಿ ನಿಂತ ತಿಪ್ಪೆಯನ್ನು ನೋಡಿದರು, ರುಮಾಲು ತೆಗೆದು ಬೆವರು ಒರೆಸಿಕೊಂಡರು.

"ಇಲ್ರಿ ಆಯಿ. ಇದು ಊರ ತಿಪ್ಪಿ. ನಂದು ಎಲ್ಲಾಕ್ಕಿಂತ ತಳಕ್ಕದ. ಮೊದಲ ನಾನೇ ಹಾಕಬೇಕಾಗಿತ್ತು. ಈಗ ಕಾಣಂಗಿಲ್ಲ."

ಅಷ್ಟರಲ್ಲಿ ಊರ ಕಡೆಯಿಂದ ತಿಪ್ಪೆ ತುಂಬಿದ ಬಂಡಿಯೊಂದು ಏರು ಹತ್ತಿ ಬಂತು. ಅದರ ಮುಂದೆ ಕುಳಿತವನು ಅಡಿಯಿಂದ ಮುಡಿಯವರೆಗೆ ಕೆಂಪು ಧೂಳಾಗಿದ್ದನು. ಹಣೆಯ ವಿಭೂತಿಯೂ ಕೆಂಪಾಗಿತ್ತು. ಹೆಣ್ಣಿನವರನ್ನು ಕಂಡು ಕೆಳಗೆ ಹಾರಿ, ಕೈಮುಗಿಯಲು ಹೋಗಿ, ಬಾರುಗೋಲು ಕೈಯಲ್ಲೇ ಇರುವುದು ನೆನಪಾಗಿ, ಅದರ ಸಮೇತವೇ ಕೈಮುಗಿದನು.

"ಇಂವಾ ನಮ್ಮ ವೀರಭದ್ರ," ಎಂದಳು ಲಲಿತಾಬಾಯಿ ಕ್ಷೀಣವಾಗಿ. "ತೊಳದ್ರ ಚಂದ ಕಾಣ್ತಾನ್ರಿ."

ಭಾಗೀರಥಿಬಾಯಿ ಅವನನ್ನು ನೋಡಲೇ ಇಲ್ಲ. ಅವನನ್ನು ದಾಟಿ ಎತ್ತುಗಳ ಬಳಿಗೆ ಹೋದಳು. ದೇವಣಿಯ ತಳಿ, ಕಪ್ಪು ಬಿಳುಪಿನ ಜೋಡಿ. ನೊಗದ ಕೆಳಗೆ ಅಂಗೈ ಹಾಕಿ ಹೆಗಲನ್ನು ಒತ್ತಿ ನೋಡಿದಳು. ಆಚೆಯ ಎತ್ತಿಗೂ ಹಾಗೆಯೇ ಮಾಡಿದಳು.

"ಎಷ್ಟ ದಿವಸ ಆತು ಹೊಡ್ಯಾಕತ್ತು?"

"ಆರು ದಿವಸ್ರಿ ಆಯಿ. ದಿನಕ್ಕ ಎಂಟು ಸಲ."

"ಎರಡೂ ಕಡಿ ತುಂಬಿದ ಬಂಡಿ. ಹೆಗಲು ಬಾತಿಲ್ಲ, ಕೂದಲು ಸೈತ ಉದರಿಲ್ಲ. ಹೆಂಗೋ?"

ವೀರಭದ್ರ ಬಂಡಿಯ ಒಳಮೈ ತೋರಿಸಿದನು. ಹಲಗೆಯ ನಡುವೆ ಸುಣ್ಣದ ಗೆರೆಯೊಂದಿತ್ತು. "ಅಪ್ಪ ಎಲ್ಲಾ ಬಂಡಿಗೂ ಹಾಕ್ಯಾನ್ರಿ. ಗೆರಿ ಮ್ಯಾಲ ಒಂದ ಬುಟ್ಟಿನೂ ಹಾಕಂಗಿಲ್ಲ. ಪಂಚಾಯತಿ ಠರಾವದಾಗದ."

"ನಮ್ಮ ಹುಡುಗಿ ಮ್ಯಾಲ ಹೊರಸೂ ಕೆಲಸಕ್ಕ ಗೆರಿ ಅದ ಏನು?"

ಅವನು ತಾಯಿಯನ್ನೊಮ್ಮೆ ನೋಡಿದನು. "ಇವತ್ತೇ ಹಾಕಸ್ತೀನ್ರಿ."

ಮುದುಕಿಯ ಹಲ್ಲಿಲ್ಲದ ಬಾಯಿ ಅಗಲವಾಗಿ ತೆರೆಯಿತು. ಅವಳು ನಕ್ಕದ್ದನ್ನು ಕಂಡು ಶಾಂತವೀರಪ್ಪ ನಕ್ಕನು. ಅವನು ನಕ್ಕದ್ದನ್ನು ಕಂಡು ಖಣಿಯೆಲ್ಲ ನಕ್ಕಿತು. ಧೂಳಪ್ಪ ಕಂಬಳಿಯನ್ನು ಮೇಲಕ್ಕೆ ಎಸೆದು ಹಿಡಿಯಲು ಹೋಗಿ ತಿಪ್ಪೆಯಲ್ಲಿ ಕುಳಿತನು.

ಹೊರಡುವ ಹೊತ್ತಿಗೆ ರೇವಣಪ್ಪನವರು ಬೀಗರ ಬಂಡಿಯನ್ನು ನೋಡಿ ಬೆಚ್ಚಿದರು. "ಅಯ್ಯಯ್ಯೋ, ಬಂಡಿ ಬರಿದೇ ಹೊಂಟದ! ಗರಸು ತುಂಬ್ರೋ, ಅವರ ಅಂಗಳಕ್ಕ ಆಗ್ತದ. ಆದ್ರ ಊರ ಗರಸು ಸೀಮಿ ದಾಟಬೇಕಂದ್ರ ಪಂಚಾಯತಿ ಮಂಜೂರಿ ಬೇಕು. ಸದಸ್ಯರೆಲ್ಲಾ ಇಲ್ಲೇ ಅದೀರಲ್ಲಾ? ಕೈ ಎತ್ರಿ!"

ಕೈಗಳು ಎದ್ದವು. ಸದಸ್ಯನಲ್ಲದ ಧೂಳಪ್ಪ ಎರಡೂ ಕೈ ಎತ್ತಿದನು. ಮುದುಕಿ ಗರಸಿನ ಮೇಲೆ ಚಾದರ ಹಾಸಿಕೊಂಡು ಸಿಂಹಾಸನವೇರಿದಂತೆ ಕುಳಿತಳು.

"ಬೀಗರೆ," ಎಂದನು ಶಾಂತವೀರಪ್ಪ, ಅಂದಿನ ತನ್ನ ಮೊದಲ ಮಾತಾಗಿ. "ಈ ಬಂಡಿ ತಿರುಗಿ ಬರೂ ಮುಂದ?"

"ಬರಿದ ಬರಬಾರದು!"

"ಬರಂಗಿಲ್ಲ ಬಿಡ್ರಿ," ಎಂದಳು ಭಾಗೀರಥಿಬಾಯಿ ಮೇಲಿನಿಂದ.

ಸೋಮವಾರ ಸಾಹೇಬರು ಬಂದು, ತೆರವಾದ ರಸ್ತೆಯನ್ನು ನಡೆದು ನೋಡಿ, ಖಣಿ ನೋಡಿ, ಚಾವಡಿಯಲ್ಲಿ ಕುಳಿತು ಠರಾವಿನ ಪುಸ್ತಕ ಓದಿಸಿಕೊಂಡರು. ಕೊನೆಯದನ್ನು ಎರಡು ಸಲ ಓದಿಸಿದರು: "ಒಂದು ಬಂಡಿ ಗರಸನ್ನು ದೇವಣಿಗೆ ಒಯ್ಯಲು ಮಂಜೂರಿ ಕೊಡಲಾಗಿದೆ, ಸದರಿ ಬಂಡಿಯು ಮರಳುವಾಗ ಸೊಸೆಯನ್ನು ತರತಕ್ಕದ್ದು."

ಸಾಹೇಬರು ಚಹಾದ ಬಟ್ಟಲನ್ನು ಕೆಳಗಿಟ್ಟು, ಕೆಮ್ಮಿ, ಲೇಖಣಿ ಅದ್ದಿ, "ಯೋಜನೆಗೆ ಅನುಸಾರವಾಗಿದೆ" ಎಂದು ಬರೆದು ಸಹಿ ಹಾಕಿದರು.