ಮೂರನೆಯ ಸಿಲಿಂಡರಿನ ಅಂಕಿ

ನೂರ ಹದಿನೆಂಟು ಇತ್ತೋ, ನೂರ ಇಪ್ಪತ್ತೆರಡೋ? ಇಪ್ಪತ್ತೆರಡೇ ಆಗಿದ್ದರೆ ಅಷ್ಟೇನೂ ಕೆಟ್ಟದ್ದಲ್ಲ. ಎರಡು ಲಕ್ಷ ಕಿಲೋಮೀಟರ್ ದಾಟಿದ ಎಂಜಿನ್ನು, ಅಷ್ಟಾದರೂ ಇಳಿಯದೆ ಇರುತ್ತದೆಯೇ? ಅಂದು ಬೆಳಿಗ್ಗೆ ಚಳಿಯೂ ಇತ್ತು. ಎಂಜಿನ್ ಸರಿಯಾಗಿ ಬಿಸಿಯಾಗಿರಲಿಲ್ಲವೇನೋ. ಬ್ಯಾಟರಿ ಬೇರೆ ಹಳೆಯದು. ಗೇಜಿನ ರಬ್ಬರು ಸರಿಯಾಗಿ ಕೂತಿರಲಿಲ್ಲ ಎಂದೂ ಇಟ್ಟುಕೊಳ್ಳಬಹುದು. ಹೀಗೆ ಒಂದೊಂದೇ ನೆಪವನ್ನು ಎತ್ತಿ ನೋಡಿ ಕೆಳಗಿಡುತ್ತ ಅವನು ಮೇಜಿನ ಮೇಲಿದ್ದ ಪಿಸ್ಟನ್ನನ್ನು ಬಟ್ಟೆಯಿಂದ ಒರೆಸುತ್ತಿದ್ದ. ಒರೆಸಿದಷ್ಟೂ ಅದರ ಅಂಚು ಮುರಿದ ಜಾಗ ಎದ್ದು ಕಾಣುತ್ತಿತ್ತು. ನಾಲ್ಕರಲ್ಲಿ ಮೂರು ಪಿಸ್ಟನ್‌ಗಳಿಗೆ ಏನೂ ಆಗಿರಲಿಲ್ಲ. ಒಡೆದದ್ದು ಮೂರನೆಯದು ಮಾತ್ರ.

ನೂರ ಹದಿನೆಂಟೇ ಇತ್ತು. ಅದು ಅವನಿಗೆ ಗೊತ್ತು.

ಇನ್ನು ಅರ್ಧ ಗಂಟೆಗೆ ಭಾವ ಬರುತ್ತಾರೆ. ಅಷ್ಟರೊಳಗೆ ಏನು ಹೇಳಬೇಕೆಂದು ತೀರ್ಮಾನ ಮಾಡಿಕೊಳ್ಳಬೇಕು. ಬೆಳಿಗ್ಗೆಯಿಂದ ಅದನ್ನೇ ಯೋಚಿಸುತ್ತಿದ್ದವನ ಬಾಯಿಯಲ್ಲಿ ಒಂದು ವಾಕ್ಯವೂ ಕೂಡಿ ಬಂದಿರಲಿಲ್ಲ.

ಭಾವ ಎಂದರೆ ಅಕ್ಕನ ಗಂಡ. ಊರಾಚೆಯ ಗುಡ್ಡದ ಮೇಲಿರುವ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಆ ಗುಡ್ಡದ ರಸ್ತೆ ನಾಲ್ಕು ಕಿಲೋಮೀಟರ್ ಉದ್ದದ ಏರು. ಒಬ್ಬರನ್ನು ಹಿಂದೆ ಹಾಕಿ ಹೋಗಲು ಜಾಗ ಸಿಗುವುದೇ ಅಪರೂಪ. ಭಾವನ ಹಳೆಯ ಕಾರು ಅದನ್ನು ಎರಡನೆಯ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತುವಾಗ ಹಿಂದೆ ಹತ್ತು ಹನ್ನೆರಡು ವಾಹನಗಳ ಸಾಲು ನಿಲ್ಲುತ್ತಿತ್ತು. ಸಹೋದ್ಯೋಗಿಗಳು ಅವರಿಗೆ 'ಮೆರವಣಿಗೆ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಭಾವನೂ ಅದಕ್ಕೆ ನಗುತ್ತಿದ್ದರು. "ಮೆರವಣಿಗೇಲಿ ಎಲ್ಲರಿಗಿಂತ ಮುಂದೆ ಇರೋನು ನಾನೇ ತಾನೆ? ಅವರಿಗೆ ಹೊಟ್ಟೆಕಿಚ್ಚು" ಎನ್ನುತ್ತಿದ್ದರು. ಆದರೆ ಒಂದು ದಿನ ವಿದ್ಯಾರ್ಥಿಗಳೇ ಹಿಂದಿನಿಂದ ಹಾರನ್ ಬಾರಿಸಿ, ಕೈತಟ್ಟಿ ಹಾಡಿದರಂತೆ. ಅಂದು ಸಂಜೆ ಅವನು ಕೆಲಸ ಮಾಡುವ ಗ್ಯಾರೇಜಿಗೆ ಬಂದ ಭಾವ ನಗಲಿಲ್ಲ.

"ಈ ಕಾರಿಗೆ ಸ್ವಲ್ಪ ದಮ್ಮು ಬರೋ ಹಾಗೆ ಏನಾದ್ರೂ ಮಾಡಕ್ಕಾಗುತ್ತೇನೋ?" ಎಂದು, ಯಾರಿಗೂ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ ಕೇಳಿದ್ದರು.

ಬೇರೆ ಕಾರು ಕೊಳ್ಳಿ ಎಂದು ಹೇಳಬಹುದಿತ್ತು. ಕ್ಲಚ್ ಬದಲಾಯಿಸಿ, ಇಂಜೆಕ್ಟರ್ ತೊಳೆದು ಕೊಡುತ್ತೇನೆ, ಅಷ್ಟಕ್ಕೆ ಸಮಾಧಾನ ಮಾಡಿಕೊಳ್ಳಿ ಎನ್ನಬಹುದಿತ್ತು. ಅವನು ಹಾಗೆ ಹೇಳದಿರಲು ಕಾರಣ ಗ್ಯಾರೇಜಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಅದೇ ಮಾಡೆಲ್ಲಿನ ಕಾರೊಂದು ಗೋಡೆಗೆ ಗುದ್ದಿ ಗುಜರಿಗೆ ಹೋದಾಗ ಬಿಚ್ಚಿಟ್ಟ ಸೂಪರ್‌ಚಾರ್ಜರ್ ಅದು. ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತ, ಗಾಳಿಯನ್ನು ಒತ್ತಿ ಒತ್ತಿ ಸಿಲಿಂಡರುಗಳಿಗೆ ತುರುಕುವ ಯಂತ್ರ. ಹೆಚ್ಚು ಗಾಳಿ, ಅದಕ್ಕೆ ತಕ್ಕಷ್ಟು ಪೆಟ್ರೋಲು, ಅದಕ್ಕೆ ತಕ್ಕ ಬಲ. ಹದಿನಾಲ್ಕು ವರ್ಷದಿಂದ ಸ್ಪ್ಯಾನರ್ ಹಿಡಿದಿದ್ದರೂ ಅವನು ಒಂದನ್ನೂ ಕೂಡಿಸಿರಲಿಲ್ಲ. ಚಹಾದ ಹೊತ್ತಿಗೆ ಗೋಣಿ ಸರಿಸಿ, ಅದರ ರಾಟೆಯನ್ನು ಬೆರಳಿನಿಂದ ತಿರುಗಿಸಿ, ಒಳಗಿನ ಸುರುಳಿಗಳು ಒಂದಕ್ಕೊಂದು ತಾಗದೆ ಸುತ್ತುವುದನ್ನು ನೋಡುತ್ತ ಕೂರುವುದು ಅವನಿಗೆ ಅಭ್ಯಾಸವಾಗಿತ್ತು.

"ಒಂದು ದಾರಿ ಇದೆ ಭಾವ" ಎಂದಿದ್ದ.

ಗ್ಯಾರೇಜಿನ ಯಜಮಾನರು ಅಷ್ಟು ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. "ಮುದುಕರ ಬಾಯಿಗೆ ಪೀಪಿ ಕೊಡೋಕ್ ಮುಂಚೆ ಎದೇಲಿ ಉಸಿರು ಎಷ್ಟಿದೆ ನೋಡಬೇಕಪ್ಪಾ" ಎಂದರು. ಉಸಿರು ನೋಡುವುದೆಂದರೆ ಪ್ರತಿ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಗೇಜು ಕೂಡಿಸಿ, ಎಂಜಿನ್ ತಿರುಗಿಸಿ, ಒಳಗೆ ಎಷ್ಟು ಒತ್ತಡ ನಿಲ್ಲುತ್ತದೆಂದು ಅಳೆಯುವುದು. ಅಂಕಿಗಳನ್ನು ಬರೆಯಲು ಒಂದೊಂದು ಕಾರಿಗೂ ಒಂದೊಂದು ಹಳದಿ ಕಾರ್ಡು. ಅದರಲ್ಲಿ ಎರಡು ಸಾಲು. ಒಣಗಿದ ಸಿಲಿಂಡರನ್ನು ಅಳೆದದ್ದು ಎಡಗಡೆ, ನೀಲಿ ಶಾಯಿಯಲ್ಲಿ. ಅದು ಕಡಿಮೆ ಬಂದರೆ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಅದು ಬಲಗಡೆ, ಕೆಂಪು ಶಾಯಿಯಲ್ಲಿ. ಎಣ್ಣೆ ಬಿಟ್ಟ ಕೂಡಲೇ ಅಂಕಿ ಜಿಗಿದರೆ ಪಿಸ್ಟನ್ನಿನ ರಿಂಗುಗಳು ಸವೆದಿವೆ ಎಂದರ್ಥ. ಸವೆದ ಸಂದನ್ನು ಎಣ್ಣೆ ಗಳಿಗೆ ಹೊತ್ತು ಮುಚ್ಚಿರುತ್ತದೆ, ಅಷ್ಟೇ. ಅಂಥ ಎಂಜಿನ್ನಿಗೆ ಸೂಪರ್‌ಚಾರ್ಜರ್ ಹಾಕುವ ಮಾತೇ ಇಲ್ಲ. ಕೆಂಪು ಸಾಲು ಖಾಲಿ ಇದ್ದರೆ ಎಣ್ಣೆಯ ಪರೀಕ್ಷೆ ಬೇಕಾಗಲಿಲ್ಲ, ಎಂಜಿನ್ ಗಟ್ಟಿ ಎಂದು ಯಜಮಾನರು ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು.

ಅಂದು ಬೆಳಿಗ್ಗೆ ಅವನೊಬ್ಬನೇ ಇದ್ದ. ಒಂದನೆಯದು ನೂರ ಅರವತ್ತೆಂಟು. ಎರಡನೆಯದು ನೂರ ಅರವತ್ತೈದು. ಮೂರನೆಯದು ನೂರ ಹದಿನೆಂಟು. ನಾಲ್ಕನೆಯದು ನೂರ ಅರವತ್ತಾರು. ಮೂರನೆಯದಕ್ಕೆ ಎಣ್ಣೆ ಬಿಟ್ಟು ಮತ್ತೆ ನೋಡಿದ. ಮುಳ್ಳು ಸರ್ರನೆ ಏರಿ ನೂರ ಅರವತ್ತೊಂದರಲ್ಲಿ ನಿಂತಿತು.

ಮೂರನೆಯದರ ಎದುರು ನೀಲಿ ಸಾಲಿನಲ್ಲಿ ಅವನು ನೂರ ಅರವತ್ತೊಂದು ಎಂದು ಬರೆದ.

ಆಮೇಲೆ ಎಷ್ಟೋ ಸಲ, ಯೋಚನೆ ಮಾಡದೆ ಕೈ ಬರೆದುಬಿಟ್ಟಿತು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಅದು ಸುಳ್ಳು. ಕೆಂಪು ಪೆನ್ನಿನ ಮುಚ್ಚಳ ಅದಾಗಲೇ ತೆಗೆದಾಗಿತ್ತು. ಅದಕ್ಕೆ ಮುಚ್ಚಳ ಹಾಕಿ ಕೆಳಗಿಟ್ಟು, ನೀಲಿಯದನ್ನು ಎತ್ತಿಕೊಂಡದ್ದು ಅವನಿಗೆ ಚೆನ್ನಾಗಿ ನೆನಪಿದೆ.

"ಎಣ್ಣೆ ಬಿಟ್ಟು ನೋಡೋ ಹಾಗಾಯ್ತಾ?" ಎಂದು ಯಜಮಾನರು ಕೇಳಿದಾಗ, "ಬೇಕಾಗ್ಲಿಲ್ಲ" ಎಂದ. ಅಕ್ಕ ಬೇರೆಯೇ ರೀತಿ ಕೇಳಿದಳು. ಅವಳಿಗೆ ಗೇಜಿನ ಗೊಡವೆ ಇಲ್ಲ.

"ಅಲ್ವೋ, ಹಾಕಿದ್ ಮೇಲೆ ಇದು ಎಷ್ಟು ವರ್ಷ ಬಾಳುತ್ತೆ? ಇವರು ಏನೋ ಕುಣೀತಿದಾರೆ, ನೀನು ತಲೆ ನೆಟ್ಟಗಿರೋನು, ನೀನು ಹೇಳು."

"ಇನ್ನೊಂದು ಲಕ್ಷ ಕಿಲೋಮೀಟರಿಗೆ ಏನೂ ಆಗಲ್ಲ ಅಕ್ಕ. ಎಣ್ಣೆ ಸರಿಯಾಗಿ ನೋಡ್ಕೊಂಡ್ರೆ ಸಾಕು."

ಸೂಪರ್‌ಚಾರ್ಜರ್ ಕೂಡಿಸಿದ ಮೊದಲ ದಿನ ಅವನೂ ಭಾವನ ಪಕ್ಕ ಕೂತು ಗುಡ್ಡ ಹತ್ತಿದ್ದ. ಬಾನೆಟ್ಟಿನಡಿ ಸಣ್ಣಗೆ ಸಿಳ್ಳೆಯಂಥ ಸದ್ದು. ಮೂರನೆಯ ಗೇರಿನಲ್ಲಿ ಕಾರು ಏರನ್ನು ನುಂಗಿಕೊಂಡು ಹೋಯಿತು. ಭಾವ ಕನ್ನಡಿಯಲ್ಲಿ ಹಿಂದೆ ನೋಡಿ, "ಯಾರೂ ಇಲ್ಲ ಕಣೋ! ನನ್ನ ಹಿಂದೆ ಒಬ್ರೂ ಇಲ್ಲ!" ಎಂದು ಕೂಗಿದರು. ಐವತ್ತೆರಡು ವರ್ಷದ ಮನುಷ್ಯ ಸ್ಟಿಯರಿಂಗಿನ ಮೇಲೆ ತಾಳ ಹಾಕಿದರು. ಅವನಿಗೂ ಖುಷಿಯಾಗಿತ್ತು. ಅದನ್ನು ಅಲ್ಲಗಳೆದು ಪ್ರಯೋಜನವಿಲ್ಲ.

ಆಮೇಲೆ ಎಂಟು ತಿಂಗಳು ಕಾರು ಓಡಿತು. ಪ್ರತಿ ಭಾನುವಾರ ಅವನು ಅಕ್ಕನ ಮನೆಗೆ ಹೋಗಿ, ಒಳಗೆ ಕಾಲಿಡುವ ಮೊದಲೇ ಬಾನೆಟ್ ಎತ್ತಿ ಎಣ್ಣೆಯ ಕಡ್ಡಿ ಎಳೆದು ನೋಡುತ್ತಿದ್ದ. ಪ್ರತಿ ವಾರ ಮಟ್ಟ ಇಳಿದಿರುತ್ತಿತ್ತು. ಚೀಲದಲ್ಲಿ ತಂದ ಡಬ್ಬದಿಂದ ಸದ್ದಿಲ್ಲದೆ ತುಂಬಿಸಿಬಿಡುತ್ತಿದ್ದ. "ನೋಡು, ಮನೆಗೆ ಬಂದ್ರೆ ಅಕ್ಕನ ಮುಖಕ್ಕಿಂತ ಮೊದ್ಲು ಎಂಜಿನ್ನಿನ ಮುಖ" ಎಂದು ಅಕ್ಕ ರೇಗಿಸುತ್ತಿದ್ದಳು. ನಡುವೆ ಗ್ಯಾರೇಜಿನಲ್ಲಿ ಕೆಲಸ ತಲೆಯ ಮೇಲೆ ಬಿದ್ದು ಐದು ಭಾನುವಾರ ಹೋಗಲಾಗಲಿಲ್ಲ.

ಆರನೆಯ ವಾರ, ಅಕ್ಕನನ್ನು ಪಕ್ಕ ಕೂರಿಸಿಕೊಂಡು ಭಾವ ಗುಡ್ಡ ಹತ್ತುತ್ತಿದ್ದರು. ಮುಂದೆ ಕಲ್ಲು ತುಂಬಿದ ಲಾರಿಯೊಂದು ತೆವಳುತ್ತಿತ್ತು. ಎಂಟು ತಿಂಗಳ ಹಿಂದಾಗಿದ್ದರೆ ಅದನ್ನು ದಾಟುವ ಆಲೋಚನೆಯೂ ಅವರಿಗೆ ಬರುತ್ತಿರಲಿಲ್ಲ. ಲಾರಿಯ ಅರ್ಧಕ್ಕೆ ಬಂದಾಗ ಒಳಗೆ ಏನೋ ಒಡೆದ ಸದ್ದಾಯಿತು. ಕಾರಿನ ಬಲ ಕೈಬಿಟ್ಟಂತೆ ಹೋಯಿತು, ಹಿಂದೆಲ್ಲ ನೀಲಿ ಹೊಗೆ. ಎದುರಿನ ತಿರುವಿನಲ್ಲಿ ಬಸ್ಸು. ಭಾವ ಬ್ರೇಕ್ ಒತ್ತಿ ಹೇಗೋ ಲಾರಿಯ ಬೆನ್ನಿಗೆ ನುಸುಳಿಕೊಂಡರು. ಬಸ್ಸು ಕಾರಿನ ಕನ್ನಡಿಯನ್ನು ಮಾತ್ರ ಕಿತ್ತುಕೊಂಡು ಹೋಯಿತು.

ಕನ್ನಡಿ ಮಾತ್ರ. ಆ ಎರಡು ಮಾತನ್ನು ಅವನು ಈ ನಾಲ್ಕು ದಿನದಲ್ಲಿ ಎಷ್ಟು ಸಲ ಅಂದುಕೊಂಡನೋ.

ಭಾವ ಬಂದಾಗ ಯಜಮಾನರು ಮೇಜಿನ ಬಳಿಯೇ ಇದ್ದರು. ಭಾವ ಪಿಸ್ಟನ್ನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು.

"ಇಲ್ಲಿ ನೋಡಿ, ಈ ಅಂಚು" ಎಂದರು ಯಜಮಾನರು. "ಎಣ್ಣೆ ಮೇಲೆ ಬಂದು ಪೆಟ್ರೋಲ್ ಜೊತೆ ಉರೀತಾ ಇತ್ತು. ಹಾಗಾದ್ರೆ ಒಳಗೆ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುತ್ತೆ. ಸುತ್ತಿಗೇಲಿ ಹೊಡ್ದ ಹಾಗೆ. ಸಾಮಾನ್ಯವಾಗಿ ಮೊದ್ಲೇ ರಿಂಗ್ ಸವೆದಿದ್ರೆ ಹೀಗಾಗೋದು."

"ಮೊದ್ಲೇ ಸವೆದಿತ್ತಾ?"

"ಅದನ್ನೇ ನೋಡೋಣ" ಎಂದು ಯಜಮಾನರು ಮೊಳೆಗೆ ತೂಗುಬಿಟ್ಟಿದ್ದ ಕಾರ್ಡುಗಳಲ್ಲಿ ಹುಡುಕತೊಡಗಿದರು.

ಈಗ ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡ. ಕಾರ್ಡು ಸಿಗುವಷ್ಟರೊಳಗೆ ಹೇಳಿದರೆ ತಾನಾಗಿಯೇ ಹೇಳಿದ ಹಾಗೆ. ಸಿಕ್ಕ ಮೇಲೆ ಹೇಳಿದರೆ ಸಿಕ್ಕಿಬಿದ್ದ ಹಾಗೆ. ಅವನು ಹಾಗೆಂದುಕೊಳ್ಳುತ್ತಿರುವಾಗಲೇ ಕಾರ್ಡು ಸಿಕ್ಕಿತು.

ಯಜಮಾನರು ಕನ್ನಡಕ ಏರಿಸಿದರು. "ಮೂರನೇದು ನೂರ ಅರವತ್ತೊಂದು. ಕೆಂಪು ಏನೂ ಇಲ್ಲ. ಎಂಜಿನ್ ಚೆನ್ನಾಗೇ ಇತ್ತಲ್ಲ ಮೇಷ್ಟ್ರೇ." ಆಮೇಲೆ ನೋಯಿಸಬಾರದೆಂಬ ದನಿಯಲ್ಲಿ, "ಹಾಗಾದ್ರೆ ಓಡಿಸಿದ್ದೇ ಸ್ವಲ್ಪ ಜಾಸ್ತಿ ಆಯ್ತೇನೋ" ಎಂದರು.

ಅವನು ಯೋಚಿಸಿರದಿದ್ದುದು ಇದನ್ನೇ. ತಾನು ಬರೆದ ಅಂಕಿ ತನ್ನ ಮೇಲೆ ಸಾಕ್ಷಿ ಹೇಳುತ್ತದೆಂದು ನಾಲ್ಕು ದಿನ ಹೆದರಿದ್ದ. ಅದು ಭಾವನ ಮೇಲೆ ಸಾಕ್ಷಿ ಹೇಳಿತು.

ಭಾವ ವಾದ ಮಾಡಲಿಲ್ಲ. ಪಿಸ್ಟನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಹೌದು ಸಾರ್. ದಿನಾ ಒತ್ತುತ್ತಿದ್ದೆ. ಬೇಕಿತ್ತೋ ಇಲ್ವೋ, ಆ ಸದ್ದು ಕೇಳೋದಕ್ಕೇ ಒತ್ತುತ್ತಿದ್ದೆ. ಐದು ವಾರ ಇವನು ಬರ್ಲಿಲ್ಲ. ಒಂದ್ ಸಲವಾದ್ರೂ ಬಾನೆಟ್ ಎತ್ತಿ ನೋಡ್ದೆನಾ? ಇಲ್ಲ. ಮಕ್ಕಳಿಗೆ ಲೆಕ್ಕ ಹೇಳ್ಕೊಡೋನು, ನನಗೇ ಲೆಕ್ಕ ತಪ್ತು." ಅವನ ಕಡೆ ತಿರುಗಿ ಕೇಳಿದರು: "ನೀನೇನಂತೀಯಾ?"

"ಹಳೇ ಎಂಜಿನ್ನು ಭಾವ" ಎಂದ ಅವನು. "ಇಂಥದ್ದೇ ಅಂತ ಹೇಳಕ್ಕಾಗಲ್ಲ."

ಭಾವ ಅವನ ಭುಜ ತಟ್ಟಿದರು. ತಮ್ಮನ್ನು ಸಮಾಧಾನ ಪಡಿಸಲು ಮೈದುನ ಹಾಗೆ ಹೇಳಿದನೆಂದು ಅವರು ತಿಳಿದದ್ದು ಆ ತಟ್ಟಿನಲ್ಲೇ ಗೊತ್ತಾಗುತ್ತಿತ್ತು.

ಆ ಭಾನುವಾರ ಅಕ್ಕನ ಮನೆಗೆ ಹೋದಾಗ ಎತ್ತಲು ಬಾನೆಟ್ ಇರಲಿಲ್ಲ; ಕಾರಿನ ಜಾಗದಲ್ಲಿ ಎಣ್ಣೆಯ ಕಲೆಯಿತ್ತು. ಅಕ್ಕ ಬಾಗಿಲಲ್ಲೇ ಶುರು ಮಾಡಿದಳು.

"ಬಾ, ಬಾ. ನಿನ್ನ ಭಾವನ ಪ್ರತಾಪ ನೋಡು. ಈ ವಯಸ್ಸಲ್ಲಿ ರೇಸು! ನಾನು ಪಕ್ಕದಲ್ಲಿದ್ದೀನಿ ಅನ್ನೋ ಜ್ಞಾನ ಬೇಡ್ವಾ?"

ಭಾವ ಉತ್ತರ ಪತ್ರಿಕೆಗಳಿಂದ ತಲೆ ಎತ್ತದೆ, "ಅವಳು ಹೇಳೋದರಲ್ಲಿ ತಪ್ಪೇನಿಲ್ಲ" ಎಂದರು. "ಎಂಜಿನ್ ಸರಿ ಮಾಡಿ ಕೊಡು. ಆ ಸೂಪರ್‌ಚಾರ್ಜರ್ ಬೇಡ. ಇನ್ಮೇಲೆ ನಿನ್ನಕ್ಕನೇ ಓಡಿಸ್ತಾಳೆ. ನನ್ನ ಕಾಲಿನ ಮೇಲೆ ನನಗೇ ನಂಬಿಕೆ ಇಲ್ಲ."

"ಹಾಗನ್ಬೇಡಿ ಭಾವ."

"ನೀನು ಪಾಪ, ವಾರವಾರ ಬಂದು ಮಗು ನೋಡ್ಕೊಂಡ ಹಾಗೆ ನೋಡ್ಕೊಂಡೆ. ಹಾಳು ಮಾಡಿದ್ದು ನಾನು."

ಅಕ್ಕ ಚಹಾ ತಂದು ಕೈಗಿತ್ತಳು. ಅವನು ಒಂದು ಗುಟುಕು ಕುಡಿದು ಕೆಳಗಿಟ್ಟ. ಬಟ್ಟಲು ತಟ್ಟೆಯ ಮೇಲೆ ಸದ್ದು ಮಾಡಿತು.

"ಅಕ್ಕಾ, ಆ ಕಾರ್ಡು..."

"ಯಾವ ಕಾರ್ಡೋ?"

ಭಾವನ ಪೆನ್ನು ಕಾಗದದ ಮೇಲೆ ಓಡುವುದು ನಿಂತಿತು. ಅದು ಕೆಂಪು ಪೆನ್ನು.

"ಏನಿಲ್ಲ" ಎಂದ. "ಸಕ್ಕರೆ ಸ್ವಲ್ಪ ಜಾಸ್ತಿ ಆಗಿದೆ."

"ದಿನಾ ಹಾಕೋವಷ್ಟೇ ಹಾಕಿದ್ದೀನಿ. ನಿನ್ ನಾಲಿಗೆ ಕೆಟ್ಟಿದೆ" ಎಂದಳು ಅಕ್ಕ.

ತಿಂಗಳೊಳಗೆ ಅವನು ಎಂಜಿನ್ನಿಗೆ ಹೊಸ ಪಿಸ್ಟನ್, ಹೊಸ ರಿಂಗು ಹಾಕಿ ಜೋಡಿಸಿದ. ಸೂಪರ್‌ಚಾರ್ಜರನ್ನು ಬಿಚ್ಚಿ ಮತ್ತೆ ಗೋಣಿಯಲ್ಲಿ ಕಟ್ಟಿಟ್ಟ. ಚಹಾದ ಹೊತ್ತಿನಲ್ಲಿ ಆ ಮೂಲೆಗೆ ಹೋಗುವುದನ್ನು ಬಿಟ್ಟ. ಹೊಸ ಕಾರ್ಡಿನಲ್ಲಿ ನಾಲ್ಕು ನೀಲಿ ಅಂಕಿಗಳನ್ನು ಬರೆದು, ಬೇಕಿಲ್ಲದಿದ್ದರೂ ಎಣ್ಣೆ ಬಿಟ್ಟು ನೋಡಿ ನಾಲ್ಕು ಕೆಂಪು ಅಂಕಿಗಳನ್ನೂ ಬರೆದ. "ಏನಪ್ಪಾ, ಇಷ್ಟೊಂದು ಶ್ರದ್ಧೆ!" ಎಂದು ಯಜಮಾನರು ನಕ್ಕರು. ಹಳೆಯ ಕಾರ್ಡನ್ನು ಹರಿದು ಹಾಕಲು ಎರಡು ಸಲ ಕೈಗೆತ್ತಿಕೊಂಡವನು ಎರಡು ಸಲವೂ ಮೊಳೆಗೇ ಸಿಕ್ಕಿಸಿದ.

ಈಗ ಬೆಳಿಗ್ಗೆ ಗ್ಯಾರೇಜಿನ ಮುಂದೆ ಆ ಕಾರು ಹಾದುಹೋಗುತ್ತದೆ. ಸ್ಟಿಯರಿಂಗಿನಲ್ಲಿ ಅಕ್ಕ. ಪಕ್ಕದಲ್ಲಿ ಭಾವ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಬಲಗಾಲನ್ನು ಸೀಟಿನಡಿ ಮಡಚಿ ಕೂತಿರುತ್ತಾರೆ. ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಹಿಂದೆ ಸಾಲು ಶುರುವಾಗಿರುತ್ತದೆ. ಅವನನ್ನು ಕಂಡರೆ ಭಾವ ಕಿಟಕಿಯಿಂದ ಕೈ ಎತ್ತುತ್ತಾರೆ. ಅವನೂ ಎತ್ತುತ್ತಾನೆ.

ಮೂರನೆಯ ಸಿಲಿಂಡರಿನಲ್ಲಿ ನೂರ ಹದಿನೆಂಟು ಇತ್ತು, ನೂರ ಅರವತ್ತೊಂದು ಬಂದದ್ದು ಎಣ್ಣೆ ಬಿಟ್ಟ ಮೇಲೆ ಎಂದು ಅವನು ಭಾವನಿಗೆ ಎಂದೂ ಹೇಳಲಿಲ್ಲ.